ಕಾರ್ಡು ಮಾಡಿಸಿದವರು

ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನಾನು ಮೊದಲು ಮಾಡಿದ ಕೆಲಸ ಹಳೆಯ ದಾಖಲಾತಿ ವಹಿ ತೆಗೆಸಿ ನೋಡಿದ್ದು. 1974ರ ಜೂನ್ ತಿಂಗಳಲ್ಲಿ ಎಂಟನೇ ತರಗತಿಗೆ ಸೇರಿದ 31 ಜನರ ಹೆಸರು ಅದರಲ್ಲಿ ಸಾಲಾಗಿ ಇವೆ. ಹನ್ನೊಂದನೆಯದು ನನ್ನದು. ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಖು, ಕೊನೆಗೆ ಟಿ.ಸಿ. ಕೊಟ್ಟ ದಿನ. ಅರ್ಧಕ್ಕರ್ಧ ಜನ ಜೂನ್ 1ರಂದೇ ಹುಟ್ಟಿದ್ದೇವೆ; ಅದು ಪ್ರೈಮರಿ ಶಾಲೆಯ ಮೇಷ್ಟ್ರು ನಮಗೆ ಕೊಟ್ಟ ಜನ್ಮದಿನ. ಟಿ.ಸಿ. ಕಾಲಂ ಆದಮೇಲೆ ಗೆರೆ ಎಳೆದಿದೆ. ಟಿ.ಸಿ. ತೆಗೆದುಕೊಂಡು ಹೋದವನು ಮುಂದೆ ಏನಾದ ಎಂಬುದಕ್ಕೆ ಯಾವ ಶಾಲೆಯ ವಹಿಯಲ್ಲೂ ಕಾಲಂ ಇರುವುದಿಲ್ಲ.

ಶಾಲೆಗೆ ಜಾಗ ಕೊಟ್ಟವರು, ಮೊದಲ ಎರಡು ವರ್ಷ ದೇವಸ್ಥಾನದ ಪ್ರಾಂಗಣದಲ್ಲಿ ನಡೆದ ಪಾಠ, ಕಟ್ಟಡ ಎದ್ದ ಕಥೆ, ಇವನ್ನೆಲ್ಲ ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ನಾನು ಆ ಇಲ್ಲದ ಕಾಲಂ ತುಂಬಿಸಲು ಪ್ರಯತ್ನಪಟ್ಟಿದ್ದೇನೆ. ಓದಿ ಹೊರಗೆ ಬಂದವರು ಕೆಲಸವನ್ನು ಹೇಗೆ ಹುಡುಕಿದರು, ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಏಕೆ ಎಂಬುದಷ್ಟೇ ನನ್ನ ವಿಷಯ. ಇದರಲ್ಲಿ ನನ್ನದೇ ಒಂದು ಲೆಕ್ಕವೂ ಬಾಕಿ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ತಂಡ ಎಸ್.ಎಸ್.ಎಲ್.ಸಿ. ಮುಗಿಸಿದ್ದು 1977ರಲ್ಲಿ. ಪರೀಕ್ಷೆಗೆ ಕೂತವರು 26, ಮೊದಲ ಸಲಕ್ಕೆ ಪಾಸಾದವರು 9. ಸೇರುವಾಗ 5 ಜನ ಹುಡುಗಿಯರಿದ್ದರು, ಪರೀಕ್ಷೆಯ ಹೊತ್ತಿಗೆ ಇಬ್ಬರು. ಫಲಿತಾಂಶ ಬಂದ ವಾರದಲ್ಲಿ ಪಾಸಾದ ಗಂಡುಹುಡುಗರೆಲ್ಲ ಒಂದೇ ಬಸ್ಸಿನಲ್ಲಿ ತುಮಕೂರಿಗೆ ಹೋದೆವು. ಹೋದದ್ದು ಕಾಲೇಜಿಗಲ್ಲ, 'ಎಂಪ್ಲಾಯ್‌ಮೆಂಟ್ ಆಫೀಸಿಗೆ', ಕಾರ್ಡು ಮಾಡಿಸಲು. ಬೆಳಿಗ್ಗೆ ನಿಂತ ಸಾಲು ಮಧ್ಯಾಹ್ನ ಊಟದ ಹೊತ್ತಿಗೂ ಕರಗಿರಲಿಲ್ಲ. ಸಂಜೆ ಕೈಗೆ ಬಂದ ಆ ದಪ್ಪ ಕಾಗದದ ಚೀಟಿಯನ್ನು ನಾವು ಅರ್ಧ ನೌಕರಿ ಸಿಕ್ಕಿದಂತೆಯೇ ಜೇಬಿನಲ್ಲಿಟ್ಟುಕೊಂಡು ಬಂದೆವು. ನಮ್ಮಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ದೇವರ ಗೂಡಿನಲ್ಲಿ ಇಟ್ಟರು.

ಈ ಉದ್ಯೋಗ ವಿನಿಮಯ ಕೇಂದ್ರಗಳು ಹುಟ್ಟಿದ್ದು ನಮ್ಮಂಥವರಿಗಾಗಿ ಅಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಸೇನೆಯಿಂದ ಬಿಡುಗಡೆಯಾಗಿ ಬಂದ ಸಿಪಾಯಿಗಳಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಸರಕಾರ ಈ ವ್ಯವಸ್ಥೆ ಮಾಡಿತು. 1948ರಲ್ಲಿ ಅದು ಎಲ್ಲ ನಿರುದ್ಯೋಗಿಗಳಿಗೂ ತೆರೆಯಿತು. 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಒಂದುಗೂಡಿದ ದಿನವೇ, ಅದರ ದಿನನಿತ್ಯದ ಆಡಳಿತ ಕೇಂದ್ರ ಸರಕಾರದಿಂದ ರಾಜ್ಯಗಳ ಕೈಗೆ ಬಂತು. 1959ರಲ್ಲಿ ಒಂದು ಕಾಯಿದೆ ಆಯಿತು, 1960ರ ಮೇ 1ರಿಂದ ಜಾರಿಗೆ ಬಂತು. ಸರಕಾರಿ ಸಂಸ್ಥೆಗಳು, 25 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆಗಳು ತಮ್ಮಲ್ಲಿ ಹುದ್ದೆ ಖಾಲಿಯಾದರೆ ಕೇಂದ್ರಕ್ಕೆ ತಿಳಿಸುವುದು ಕಡ್ಡಾಯ ಎಂದು ಆ ಕಾಯಿದೆ ಹೇಳಿತು. ತಿಳಿಸುವುದು ಮಾತ್ರ ಕಡ್ಡಾಯ. ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕು ಎಂದು ಅದರಲ್ಲಿ ಇರಲಿಲ್ಲ. ನಮಗ್ಯಾರಿಗೂ ಇದು ಗೊತ್ತಿರಲಿಲ್ಲ. ನಾವು ತಿಳಿದಿದ್ದು ಇಷ್ಟೇ: ಕಾರ್ಡಿನ ಮೇಲೆ ಒಂದು ನಂಬರ್ ಇದೆ, ನಂಬರಿನ ಪ್ರಕಾರ ಕರೆ ಬರುತ್ತದೆ, ಇವತ್ತಲ್ಲ ನಾಳೆ ನಮ್ಮ ಸರದಿ.

ಆ ನಂಬಿಕೆಗೆ ಕಾರಣಗಳೂ ಇದ್ದವು. ನಾವು ಹೊರಗೆ ಬಂದ ವರ್ಷವೇ, 1977ರ ಫೆಬ್ರವರಿಯಲ್ಲಿ, ಹಾವನೂರು ಆಯೋಗದ ವರದಿಯ ಆಧಾರದ ಮೇಲೆ ಹಿಂದುಳಿದ ವರ್ಗಗಳ ಮೀಸಲಾತಿ ಆದೇಶ ಹೊರಟಿತ್ತು. ದೇವರಾಜ ಅರಸರ ಸರಕಾರ ನಿರುದ್ಯೋಗಿ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ಕಚೇರಿಗಳಲ್ಲಿ ಕೆಲಸಕ್ಕೆ ಹಚ್ಚಿದ್ದ ಸುದ್ದಿ ಹಳ್ಳಿ ಹಳ್ಳಿಗೂ ಮುಟ್ಟಿತ್ತು. ತುಮಕೂರಿನಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಬಂತು. ನಮ್ಮೂರಿನಿಂದ ಅಲ್ಲಿಗೆ ಸೇರಿದವರು ಒಬ್ಬರೇ. ಅವರು ಭಾನುವಾರ ಊರಿಗೆ ಬಂದರೆ ಜಗಲಿಯ ಮೇಲೆ ಕನಿಷ್ಠ ಹತ್ತು ಜನ ಕೂತಿರುತ್ತಿದ್ದರು. ಕೈಗಡಿಯಾರ ನೋಡುವುದಕ್ಕೆ ಕೆಲವರು, 'ಒಳಗೆ ನಮ್ಮ ಹುಡುಗನಿಗೂ ಏನಾದರೂ' ಎಂದು ಕೇಳುವುದಕ್ಕೆ ಉಳಿದವರು.

ಇಲ್ಲಿಂದ ಮುಂದೆ ನಮ್ಮ ತಂಡ ಎರಡು ಪಾಲಾಯಿತು. ಕಾಯಬಲ್ಲವರು ಒಂದು ಕಡೆ, ಕಾಯಲಾರದವರು ಇನ್ನೊಂದು ಕಡೆ. ತೆಂಗಿನ ತೋಟ ಇದ್ದವರ ಮನೆಯಲ್ಲಿ ಹುಡುಗ ನಾಲ್ಕು ವರ್ಷ ಸುಮ್ಮನೆ ಅರ್ಜಿ ಹಾಕುತ್ತ ಕೂತರೂ ಒಲೆ ಆರುತ್ತಿರಲಿಲ್ಲ. ಅರ್ಜಿ ಹಾಕುವುದು ಎಂದರೆ ಬರೀ ಕಾಗದ ಬರೆಯುವುದಲ್ಲ. ಪೋಸ್ಟಲ್ ಆರ್ಡರ್ ತೆಗೆಯಬೇಕು. ಅಂಕಪಟ್ಟಿಯ ನಕಲುಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ನಮ್ಮ ಸುತ್ತಿನಲ್ಲಿ ಇದ್ದ ಒಬ್ಬರೇ ಗೆಜೆಟೆಡ್ ಅಧಿಕಾರಿ ಎಂದರೆ ಹೋಬಳಿಯ ಪಶುವೈದ್ಯರು. ಎಮ್ಮೆಗೆ ಸೂಜಿ ಹಾಕಿಸುವ ಸಾಲಿನ ಕೊನೆಯಲ್ಲಿ ನಾವು ಅಂಕಪಟ್ಟಿ ಹಿಡಿದು ನಿಲ್ಲುತ್ತಿದ್ದೆವು. ಪುಣ್ಯಾತ್ಮರು, ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ; ಕೈ ತೊಳೆದುಕೊಂಡು ಬಂದು ಸಹಿ ಹಾಕುತ್ತಿದ್ದರು. ಆಮೇಲೆ ಟೈಪಿಂಗ್. ಕನ್ನಡ ಜೂನಿಯರ್, ಇಂಗ್ಲಿಷ್ ಜೂನಿಯರ್, ಆಗಬಲ್ಲವರಿಗೆ ಸೀನಿಯರ್. ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ತಿಂಗಳ ಫೀಜು, ಬಸ್ ಚಾರ್ಜು, ಪರೀಕ್ಷೆ ಫೀಜು. ಸಂದರ್ಶನಕ್ಕೆ ಕರೆ ಬಂದರೆ ಬೆಂಗಳೂರಿಗೆ ಹೋಗಿ ಬರುವ ಖರ್ಚು. ಕಾರ್ಡನ್ನು ಹೇಳಿದ ತಿಂಗಳಿಗೆ ನವೀಕರಿಸದಿದ್ದರೆ ಸರದಿಯೇ ಹೋಯಿತು, ಮತ್ತೆ ಮೊದಲಿನಿಂದ. ಅಂದರೆ ಕೆಲಸವಿಲ್ಲದೆ ಕಾಯುವುದಕ್ಕೂ ಒಂದಿಷ್ಟು ಆಸ್ತಿ ಇರಬೇಕಾಗಿತ್ತು.

ನನ್ನ ಪಕ್ಕದಲ್ಲೇ ಮೂರು ವರ್ಷ ಕೂತಿದ್ದ ಗೆಳೆಯನಿಗೆ ಅದಿರಲಿಲ್ಲ. ಅವನ ಹೆಸರು ಹಾಕಬೇಡ ಎಂದು ಹೇಳಿದ್ದಾನೆ, ಹಾಕುವುದಿಲ್ಲ. ಅವನ ಅಪ್ಪ ಕೂಲಿ ಮಾಡುತ್ತಿದ್ದರು. ಲೆಕ್ಕದಲ್ಲಿ ಅವನು ನನಗಿಂತ ಬಹಳ ಮುಂದಿದ್ದ; ಗುಂಪಿನಲ್ಲಿ ನಾಲ್ಕು ಜನ ನಕಲು ಮಾಡುತ್ತಿದ್ದುದು ಅವನ ಹೋಂವರ್ಕನ್ನೇ. ಪಿ.ಯು.ಸಿ.ಯನ್ನು ಸಿದ್ಧಗಂಗಾ ಮಠದಲ್ಲಿ ಊಟ ವಸತಿ ಸಿಕ್ಕಿದ್ದರಿಂದ ಮುಗಿಸಿದ. ಮುಂದೆ ಓದಲಾಗಲಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತ, ರಾತ್ರಿ ಯಾರದೋ ಟೈಪ್‌ರೈಟರ್ ಮೇಲೆ ಕೈ ಪಳಗಿಸಿಕೊಂಡು ಕನ್ನಡ ಜೂನಿಯರ್ ಪಾಸು ಮಾಡಿದ. ನಾನು ಬಿ.ಎ. ಮಾಡಿದೆ. 1983ರ ಫೆಬ್ರವರಿಯಲ್ಲಿ ಜಿಲ್ಲಾ ಕೇಂದ್ರದ ಒಂದು ಕಚೇರಿಯಲ್ಲಿ ದಿನಗೂಲಿ ಟೈಪಿಸ್ಟ್ ಆಗಿ ಸೇರಿದೆ. ಕಾರ್ಡಿನ ನಂಬರ್ ಬಂದು ಸೇರಿದ್ದಲ್ಲ. ನಮ್ಮ ಚಿಕ್ಕಪ್ಪನಿಗೆ ಅಲ್ಲಿಯ ಮೇಲ್ವಿಚಾರಕರು ಪರಿಚಯ ಇದ್ದರು. ಅಷ್ಟೇ.

ಇವತ್ತಿನ ಹುಡುಗರಿಗೆ 'ಎನ್.ಎಂ.ಆರ್.' ಎಂದರೆ ತಿಳಿಯಲಿಕ್ಕಿಲ್ಲ. ಖಾಯಂ ನೌಕರರ ಹಾಜರಿ ಪುಸ್ತಕ ಬೇರೆ, ನಮ್ಮ ಹೆಸರು ಇರುವ ಹಾಳೆ ಬೇರೆ. ಕೆಲಸ ಒಂದೇ, ಮೇಜೂ ಒಂದೇ. ಸಂಬಳದ ದಿನ ಅವರು ವೇತನದ ಬಿಲ್ಲಿಗೆ ಸಹಿ ಹಾಕುತ್ತಿದ್ದರು, ನಾವು ಕೂಲಿಯ ವೋಚರಿಗೆ. ಭಾನುವಾರ, ಹಬ್ಬ, ಜ್ವರ, ಇವಕ್ಕೆ ಕೂಲಿ ಇಲ್ಲ. ಆಗಾಗ ನಾಲ್ಕು ದಿನ 'ಬ್ರೇಕ್' ಕೊಡುತ್ತಿದ್ದರು, ಸತತ ಸೇವೆ ಎಂದು ನಾಳೆ ಹಕ್ಕು ಕೇಳಬಾರದು ಎಂದು. ಆ ನಾಲ್ಕು ದಿನವೂ ನಾವು ಹೋಗಿ ಕೆಲಸ ಮಾಡುತ್ತಿದ್ದೆವು. ಹೋಗದಿದ್ದರೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರೆ?

1984ರ ಜೂನ್ ಎರಡನೇ ವಾರ. ಮೇಲ್ವಿಚಾರಕರು ನನ್ನನ್ನು ಕರೆದು, 'ಇನ್ನೊಬ್ಬ ಹುಡುಗ ಬೇಕಯ್ಯ, ಕನ್ನಡ ಟೈಪಿಂಗ್ ಬರಬೇಕು. ನಿಮ್ಮ ಕಡೆ ಯಾರಾದರೂ ಇದ್ದರೆ ನಾಳೆ ನಾಡಿದ್ದರಲ್ಲಿ ಕರಕೊಂಡು ಬಾ' ಎಂದರು. ನನಗೆ ತಕ್ಷಣ ನೆನಪಾದವನು ಗೆಳೆಯನೇ. ಆದರೆ ನಾನು ಹೋಗಿ ಹೇಳಿದ್ದು ಚಿಕ್ಕಪ್ಪನಿಗೆ. ಅವರ ಮಗನಿಗೂ ಕೆಲಸ ಇರಲಿಲ್ಲ, ನನಗೆ ಕೆಲಸ ಕೊಡಿಸಿದ್ದೇ ಅವರು. ಚಿಕ್ಕಪ್ಪನ ಮಗನಿಗೆ ಟೈಪಿಂಗ್ ಬರುತ್ತಿರಲಿಲ್ಲ. ಕಲೀತಾನೆ ಬಿಡು, ಎರಡು ವಾರ ಸಾಕು ಎಂದರು ಚಿಕ್ಕಪ್ಪ. ನಾನು ಕಚೇರಿಯಲ್ಲಿ 'ಹುಡುಗ ಊರಲ್ಲಿಲ್ಲ ಸಾರ್, ಬರ್ತಾನೆ' ಎಂದು ಒಂದೊಂದೇ ದಿನ ತಳ್ಳಿದೆ. ಜೂನ್ ಕಳೆಯಿತು. ಅವನು ಕಲಿಯಲಿಲ್ಲ, ಬೆಂಗಳೂರಿಗೆ ಹೋಗಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂತ. ಆಮೇಲೆ ನಾನು ತಿಪಟೂರಿಗೆ ಹೋಗಿ ಮಂಡಿಯ ಬಾಗಿಲಲ್ಲಿ ಗೆಳೆಯನನ್ನು ಕಂಡೆ. ಮಾರನೇ ದಿನವೇ ಯಾರದೋ ಶೂ ಹಾಕಿಕೊಂಡು ಬಂದ. ಜುಲೈ 9, ಸೋಮವಾರ, ಅವನ ಹೆಸರು ಹಾಳೆಯಲ್ಲಿ ಏರಿತು. ಎರಡು ಮೂರು ವಾರದ ಈ ವ್ಯತ್ಯಾಸಕ್ಕೆ ಆಗ ಯಾವ ಅರ್ಥವೂ ಇರಲಿಲ್ಲ. ಅವನು ನನಗೆ ಮಸಾಲೆ ದೋಸೆ ಕೊಡಿಸಿದ.

ಅರ್ಥ ಬಂದದ್ದು ಆರು ವರ್ಷಗಳ ನಂತರ. ದಿನಗೂಲಿ ನೇಮಕವನ್ನು ರಾಜ್ಯ ಸರಕಾರ 1984ರ ಜುಲೈ 1ರಿಂದ ನಿಷೇಧಿಸಿತ್ತು. ನಿಷೇಧ ಬಂದರೂ ಕಚೇರಿಗಳಲ್ಲಿ ಕಡತ ಬೆಳೆಯುವುದು ನಿಲ್ಲಲಿಲ್ಲ, ಆದ್ದರಿಂದ ದಿನಗೂಲಿಯವರು ಬರುವುದೂ ನಿಲ್ಲಲಿಲ್ಲ. ಇತ್ತ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1990ರ ಫೆಬ್ರವರಿಯಲ್ಲಿ ತೀರ್ಪು ಬಂತು. 1984ರ ಜುಲೈ 1 ಅಥವಾ ಅದಕ್ಕೂ ಮೊದಲು ಸೇರಿದವರಿಗೆ 1990ರ ಜನವರಿಯಿಂದ ತಿಂಗಳಿಗೆ 780 ರೂಪಾಯಿ ನಿಗದಿ. ಹತ್ತು ವರ್ಷ ಸೇವೆ ತುಂಬಿದವರನ್ನು ಹಂತ ಹಂತವಾಗಿ, 1997ರ ಕೊನೆಯೊಳಗೆ, ಖಾಯಂ ಮಾಡಬೇಕು. ಆ ದಿನ ಕಚೇರಿಯ ದಿನಗೂಲಿಯವರೆಲ್ಲ ತಮ್ಮ ತಮ್ಮ ಸೇರಿದ ತಾರೀಖನ್ನು ಬೆರಳಲ್ಲಿ ಎಣಿಸಿದೆವು. ನಾನು ಗೆರೆಯ ಈಚೆ ಇದ್ದೆ. ಗೆಳೆಯ ಎಂಟು ದಿನದಿಂದ ಆಚೆ ಉಳಿದ. ನಾನು 1995ರಲ್ಲಿ ಡಿ ಗುಂಪಿನಲ್ಲಿ ಖಾಯಂ ಆದೆ, ಮುಂದೆ ಬಡ್ತಿ ಸಿಕ್ಕಿ ದ್ವಿತೀಯ ದರ್ಜೆ ಸಹಾಯಕನಾದೆ. ಅವನು ಹಾಳೆಯಲ್ಲೇ ಉಳಿದ.

ಬೇರೆ ಕಡೆ ಹೋಗಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಎಲ್ಲಿಗೆ? 1991ರಲ್ಲಿ ದೇಶದ ಬಳಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದಿತ್ತು. ಆ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟಿತು. ಮನೆಯಲ್ಲಿ ಒಡವೆ ಅಡವಿಡುವ ಸ್ಥಿತಿ ಬಂದಾಗ ಹೊಸ ಆಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಸಾರ್ವಜನಿಕ ಉದ್ದಿಮೆಗಳಲ್ಲಿ ಸೇರಿಸಿಕೊಳ್ಳುವ ಮಾತು ಹೋಗಿ ಸ್ವಯಂ ನಿವೃತ್ತಿಯ ಮಾತು ಬಂತು. ನಮ್ಮೂರಿನ ಎಚ್.ಎಂ.ಟಿ.ಯವರ ಜಗಲಿಯ ಮೇಲೆ ಕೂರುವವರು ಕಡಿಮೆಯಾದರು. ಕಾಲ ಕಳೆದು 2016ರ ಜನವರಿಯಲ್ಲಿ ಕೇಂದ್ರ ಸರಕಾರ ಎಚ್.ಎಂ.ಟಿ. ವಾಚಸ್ ಮುಚ್ಚುವ ತೀರ್ಮಾನ ಮಾಡಿದಾಗ ಅವರು ನಿವೃತ್ತರಾಗಿದ್ದರು. ಪತ್ರಿಕೆಯನ್ನು ಎರಡು ಸಲ ಓದಿ ಮಡಚಿಟ್ಟರು ಎಂದು ಅವರ ಮಗ ಹೇಳಿದ.

ಕಾರ್ಡಿನ ಕಥೆಗೂ ತೊಂಬತ್ತರ ದಶಕದಲ್ಲೇ ತಿರುವು ಬಂತು. 1996ರಲ್ಲಿ ಆಂಧ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿನಿಮಯ ಕೇಂದ್ರ ಕಳಿಸಿದ ಪಟ್ಟಿಗಷ್ಟೇ ಆಯ್ಕೆಯನ್ನು ಸೀಮಿತ ಮಾಡಬಾರದು, ಪತ್ರಿಕೆಯಲ್ಲೂ ಪ್ರಕಟಣೆ ಕೊಟ್ಟು ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕು ಎಂದಿತು. ನ್ಯಾಯವಾದ ಮಾತೇ. ಆದರೆ 1977ರಿಂದ ತಪ್ಪದೆ ನವೀಕರಿಸುತ್ತ ಬಂದಿದ್ದ ನಮ್ಮ ತಂಡದ ಇನ್ನೊಬ್ಬನಿಗೆ ಹತ್ತೊಂಬತ್ತು ವರ್ಷದ ಸರದಿ ಒಂದು ಬೆಳಿಗ್ಗೆ ಬರೀ ಕಾಗದವಾಯಿತು. ಅಷ್ಟರಲ್ಲಿ ಅವನಿಗೆ ವಯೋಮಿತಿಯೂ ಮೀರಿತ್ತು. ಅವನು ಈಗ ನಮ್ಮೂರಿನಲ್ಲೇ ಇದ್ದಾನೆ, ಹಾಲಿನ ಡೇರಿಯ ಕಾರ್ಯದರ್ಶಿಯಾಗಿ ಒಳ್ಳೆಯ ಹೆಸರು ಮಾಡಿದ್ದಾನೆ. ಕಾರ್ಡಿನ ಮಾತು ತೆಗೆದರೆ ಮಾತ್ರ ಎದ್ದು ಹೋಗುತ್ತಾನೆ.

ಅದೇ ಹೊತ್ತಿನಲ್ಲಿ ನಮ್ಮ ಶಾಲೆಯ ಕಿರಿಯರಿಗೆ ಒಂದು ಒಳ್ಳೆಯ ಕಾಲ ಬಂತು, ಅದನ್ನೂ ಬರೆಯಬೇಕು. 1994ರ ಕೊನೆಗೆ ಬಂದ ಸರಕಾರದಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕ ಅಂಕಗಳ ಆಧಾರದ ಮೇಲೆ, ಪಟ್ಟಿಯನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಹಾಕಿ ನಡೆಯಿತು. ಟಿ.ಸಿ.ಎಚ್. ಮುಗಿಸಿದ್ದ ನಮ್ಮ ಶಾಲೆಯ 7 ಜನಕ್ಕೆ ಆ ವರ್ಷಗಳಲ್ಲಿ ಕೆಲಸ ಸಿಕ್ಕಿತು, ಅವರಲ್ಲಿ 4 ಜನ ಹೆಣ್ಣುಮಕ್ಕಳು. 'ಎಷ್ಟು ಕೊಟ್ಟೆ?' ಎಂದು ಊರಿನವರು ಅವರನ್ನು ಕೇಳುತ್ತಿದ್ದರು. ಬಸ್ ಚಾರ್ಜು ಕೊಟ್ಟೆ ಎಂದರೆ ನಂಬುವವರಿರಲಿಲ್ಲ.

ಹೆಣ್ಣುಮಕ್ಕಳ ವಿಚಾರ ನಮ್ಮ ತಂಡದಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಆ ದಿನ ತುಮಕೂರಿನ ಬಸ್ಸಿನಲ್ಲಿ ಪಾಸಾದ ಹುಡುಗಿ ಇರಲಿಲ್ಲ. ಕರೆಯಬೇಕು ಎಂದು ನಮಗೂ ಅನ್ನಿಸಲಿಲ್ಲ. ಮುಂದಿನ ತಲೆಮಾರಿನವರು ಯಾರ ಸಾಲಿನಲ್ಲೂ ನಿಲ್ಲದೆ ನೇರವಾಗಿ ಪೀಣ್ಯಕ್ಕೆ ಹೋದರು. 2000ದ ನಂತರ ಸತತವಾಗಿ ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮೂರಿನ ಹುಡುಗಿಯರು ಗಾರ್ಮೆಂಟ್ಸ್‌ಗೆ ಸೇರಿದರು. ನನ್ನ ಅಕ್ಕನ ಮಗಳೂ ಇದೇ ಶಾಲೆಯಲ್ಲಿ ಓದಿದವಳು, ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಒಂದು ಹೋಗಿತ್ತು. ಲಗ್ಗೆರೆಯಲ್ಲಿ ಮೂವರು ಸೇರಿ ಒಂದು ರೂಮು, ನಡೆದುಹೋಗುವ ದೂರದಲ್ಲಿ ಕಾರ್ಖಾನೆ. ಬಾಗಿಲಲ್ಲಿ ಕೇಳಿದ್ದು ಒಂದೇ, ಹೊಲಿಗೆ ಬರುತ್ತದೋ ಇಲ್ಲವೋ. ಕೆಲಸ ಬೇಗ ಸಿಕ್ಕುತ್ತಿತ್ತು, ಬೇಗ ಹೋಗುತ್ತಲೂ ಇತ್ತು. ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸೇರುವ ನಡುವಿನ ತಿಂಗಳುಗಳಲ್ಲಿ, ಮದುವೆ ಬಾಣಂತನದಲ್ಲಿ, ಅವರಿಗೆ ಕೈಗೆ ಬರುವ ಇಡಿಗಂಟು ಎಂದರೆ ಪಿ.ಎಫ್. ಒಂದೇ. 2016ರ ಫೆಬ್ರವರಿಯಲ್ಲಿ ಅದರ ನಿಯಮ ಬದಲಾಯಿತು: ಮಾಲೀಕರ ಪಾಲಿನ ಹಣ 58 ವರ್ಷ ತುಂಬುವವರೆಗೂ ತೆಗೆಯುವಂತಿಲ್ಲ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಯಾವ ದೊಡ್ಡ ನಾಯಕರೂ ಮುಂದೆ ಇರಲಿಲ್ಲ. 19ರ ಸಂಜೆಯ ಹೊತ್ತಿಗೆ ಕೇಂದ್ರ ಸರಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ನನ್ನ ಅಕ್ಕನ ಮಗಳು ಆ ಎರಡು ದಿನವೂ ತುಮಕೂರು ರಸ್ತೆಯಲ್ಲಿದ್ದಳು. 'ಮಾಮ, ನೀವು ಹತ್ತು ವರ್ಷ ಕೋರ್ಟಿಗೆ ಅಲೆದ್ರಿ, ನಾವು ಎರಡೇ ದಿನ' ಎಂದು ಈಗಲೂ ನಗುತ್ತಾಳೆ. ನಗಲಿ, ಹಕ್ಕಿದೆ.

ಕೋರ್ಟು ಎಂದಾಗ ಗೆಳೆಯನ ಕಡೆಗೆ ಮತ್ತೆ ಬರಬೇಕು. 1984ರ ಜುಲೈ ನಂತರ ಸೇರಿದವರೂ ಖಾಯಂಮಾತಿ ಕೇಳಿ ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಸರಕಾರ ಮತ್ತು ಉಮಾದೇವಿ ಎಂಬ ಹೆಸರಿನ ಆ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಬಹಿರಂಗ ಸ್ಪರ್ಧೆ ಇಲ್ಲದೆ ಸೇರಿದವರು ಎಷ್ಟು ವರ್ಷ ದುಡಿದಿದ್ದರೂ ಅದೊಂದರಿಂದಲೇ ಖಾಯಂ ಹಕ್ಕು ಬರುವುದಿಲ್ಲ. ಹಾಗೆ ಮಾಡಿದರೆ ಅವಕಾಶವೇ ಸಿಗದೆ ಹೊರಗೆ ನಿಂತ ನಿರುದ್ಯೋಗಿಗಳಿಗೆ ಅನ್ಯಾಯ ಎಂಬುದು ಅದರ ಸಾರ. ಮುಂದೆ ಇಡೀ ದೇಶದ ಕಚೇರಿಗಳಲ್ಲಿ ಉಲ್ಲೇಖವಾದ ತೀರ್ಪು ಅದು. ಕಚೇರಿಯಲ್ಲಿ ಅದರ ಪ್ರತಿ ಬಂದಾಗ ನಾನು ಪೂರ್ತಿ ಓದಿದೆ. ಸಿಟ್ಟು ಬಂತು, ಆದರೆ ಪೂರ್ತಿ ಸಿಟ್ಟಾಗಲು ಆಗಲಿಲ್ಲ. ಕಾರ್ಡು ಹಿಡಿದು ಕಾದೇ ಕಾದು ಡೇರಿ ಸೇರಿದವನ ಪರವಾಗಿ ಕೋರ್ಟು ಮಾತಾಡಿತ್ತು. ಹಿಂಬಾಗಿಲು ಎಂದು ಅದು ಕರೆದ ಬಾಗಿಲಿನಿಂದಲೇ ನಾನೂ ಬಂದಿದ್ದೆ; ನಾನು ಬಂದಾಗ ಅದನ್ನು ಯಾರೂ ಮುಚ್ಚಿರಲಿಲ್ಲ, ಅಷ್ಟೇ ವ್ಯತ್ಯಾಸ. ಅಂಥವರ ಹೊಟ್ಟೆಪಾಡಿಗೆ ರಾಜ್ಯ ಸರಕಾರ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯಿದೆ ಮಾಡಿತು. 60 ವರ್ಷದವರೆಗೆ ಕೆಲಸದಿಂದ ತೆಗೆಯುವುದಿಲ್ಲ ಎಂಬ ಭದ್ರತೆ ಅದರಿಂದ ಸಿಕ್ಕಿತು. ಗೆಳೆಯ ದಿನಗೂಲಿಯಾಗಿ ಸೇರಿ ದಿನಗೂಲಿ ಎಂಬ ಹೆಸರಿನಲ್ಲೇ ಮುಗಿಸಿದ.

ಇಬ್ಬರದ್ದೂ ಜನ್ಮದಿನ 1961ರ ಜೂನ್ 1, ಮೇಷ್ಟ್ರು ಬರೆದದ್ದು. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ ಇಬ್ಬರೂ 2021ರ ಮೇ 31ರಂದು ಬಿಡುಗಡೆಯಾದೆವು. ಕೊರೋನಾ ಎರಡನೇ ಅಲೆಯ ಲಾಕ್‌ಡೌನ್, ಹಾರವಿಲ್ಲ, ಭಾಷಣವಿಲ್ಲ. ಪೇಟೆಯಲ್ಲಿ ಕಾಫಿ ಸಿಗಲಿಲ್ಲ. ಕಚೇರಿಯ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಮಾಸ್ಕ್ ಹಾಕಿಕೊಂಡು ಕೂತು ನಾನು ಆ ಜೂನ್ ತಿಂಗಳ ವಿಚಾರ ಅವನಿಗೆ ಹೇಳಿದೆ. ಮೂವತ್ತೇಳು ವರ್ಷ ಹೇಳಿರಲಿಲ್ಲ. ನನಗೆ ಪಿಂಚಣಿ ಬರುತ್ತದೆ, ಅವನಿಗೆ ಬರುವುದಿಲ್ಲ, ಅದರ ಮೂಲ ನನ್ನ ಆ ಎರಡು ಮೂರು ವಾರ ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. 'ಗೊತ್ತಿತ್ತು ಕಣೋ' ಎಂದ. 'ನಿಮ್ಮ ಚಿಕ್ಕಪ್ಪಾರೇ ಹೇಳಿದ್ರು, ತೊಂಬತ್ತರಲ್ಲಿ, ತೀರ್ಪು ಬಂದಾಗ. ಅವರಿಗೂ ಸಂಕಟ ಆಗಿತ್ತು.'

'ಮತ್ತೆ ನೀನು ಒಂದಿನಾನೂ ಕೇಳ್ಲಿಲ್ವಲ್ಲೋ?'

'ಏನಂತ ಕೇಳ್ಲಿ? ನಮ್ಮ ತಮ್ಮಂಗೆ ಟೈಪಿಂಗ್ ಬರಂಗಿದ್ದಿದ್ರೆ ನಾನೂ ಮೊದ್ಲು ಅವನಿಗೇ ಹೇಳ್ತಿದ್ದೆ. ಆದ್ರೆ ಒಂದು. ನೀನು ಹೇಳ್ದೇ ಇದ್ದಿದ್ರೆ ನಾನು ಮಂಡೀಲೇ ಇರ್ತಿದ್ದೆ. ಅದನ್ನೂ ಲೆಕ್ಕಕ್ಕೆ ತಗೋಬೇಕು.'

ಲೆಕ್ಕದಲ್ಲಿ ಅವನು ಯಾವಾಗಲೂ ಮುಂದೆ. ಅವನ ಮಗಳು ನಮ್ಮ ಶಾಲೆಯಲ್ಲೇ ಓದಿ, ಈಗ ನರ್ಸ್ ಆಗಿದ್ದಾಳೆ, ಗುತ್ತಿಗೆ ಆಧಾರದ ಮೇಲೆ. ಗುತ್ತಿಗೆ ಎಂಬ ಶಬ್ದ ಕೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಅವಳ ಹೆಸರು ಈಗ ಕಾರ್ಡಿನಲ್ಲಿಲ್ಲ, 2015ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ ರಾಷ್ಟ್ರೀಯ ಉದ್ಯೋಗ ಸೇವೆಯ ಜಾಲತಾಣದಲ್ಲಿದೆ. ನೋಂದಣಿಗೆ ತುಮಕೂರಿಗೆ ಹೋಗಬೇಕಾಗಿಲ್ಲ, ಮೊಬೈಲ್ ಸಾಕು.

ದಾಖಲಾತಿ ವಹಿಯ 31 ಹೆಸರುಗಳಲ್ಲಿ 27 ಜನರ ವಿವರ ನನಗೆ ಸಿಕ್ಕಿದೆ. ಉಳಿದ ನಾಲ್ವರಲ್ಲಿ ಮೂವರು ಹೆಣ್ಣುಮಕ್ಕಳು. ಮದುವೆಯಾಗಿ ಹೋದ ಊರು ಗೊತ್ತಿದ್ದರೆ ಓದುಗರು ದಯವಿಟ್ಟು ಶಾಲೆಯ ಕಚೇರಿಗೆ ತಿಳಿಸಬೇಕು. ಸುವರ್ಣ ಮಹೋತ್ಸವದ ದಿನ ಒಂಬತ್ತನೇ ತರಗತಿಯ ಕೊಠಡಿಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇಡುತ್ತಿದ್ದೇವೆ. ನನ್ನ ಎಂಪ್ಲಾಯ್‌ಮೆಂಟ್ ಕಾರ್ಡು, ಗೆಳೆಯನ ಕಾರ್ಡು, ಪಶುವೈದ್ಯರ ಸಹಿ ಇರುವ ಒಂದು ಅಂಕಪಟ್ಟಿಯ ನಕಲು ಆಗಲೇ ಮೇಜಿನ ಮೇಲಿವೆ. ಡೇರಿ ಕಾರ್ಯದರ್ಶಿಯವರನ್ನೂ ಕೇಳಿದ್ದೇನೆ. ಮೊದಲ ಸಲ ಎದ್ದು ಹೋಗಲಿಲ್ಲ. ಹುಡುಕಿ ನೋಡುತ್ತೇನೆ ಎಂದಿದ್ದಾರೆ.